ಮನೆಮಾತು: ಕಲಿಯಲು ಕಾಲ ಸಾಲದ ಆಟಗಳು

ಆಟವೆಂದರೆ ಬಿಡುವಿನ ವೇಳೆಯಲ್ಲಿ ಆಡುವಂಥದು, ಆಡಿ ಮರೆಯುವಂಥದು ಎಂಬುದು ನಮ್ಮಲ್ಲಿ ರೂಢಿಯಾಗಿರುವ ತಿಳಿವಳಿಕೆ. ಚೌಕಾಬಾರಕ್ಕೆ ನಾಲ್ಕು ಕವಡೆ, ನೆಲದ ಮೇಲೆ ಎಳೆದ ಗೆರೆಗಳು. ಅಳಗುಳಿ ಮಣೆಗೆ ಒಂದೆರಡು ಹಿಡಿ ಹುಣಸೆಬೀಜ. ನಿಯಮಗಳನ್ನು ಅಜ್ಜಿ ಆಡುತ್ತಾಡುತ್ತಲೇ ಹೇಳಿಕೊಟ್ಟುಬಿಡುತ್ತಾಳೆ. ಆಡಲು ಕೂಡುವ ಮೊದಲು ಮುನ್ನೂರು ಪುಟಗಳ ಗ್ರಂಥವೊಂದನ್ನು ಅಧ್ಯಯನ ಮಾಡಬೇಕಾದ ಆಟಗಳೂ ಉಂಟೆಂದರೆ ಓದುಗ ಬಂಧುಗಳಲ್ಲಿ ಹಲವರು ನಕ್ಕಾರು. ಆದರೆ ಅಂಥ ಆಟಗಳಿವೆ. ಅವು ಅಮೆರಿಕೆಯಲ್ಲಿ ಹುಟ್ಟಿ ಅರ್ಧ ಶತಮಾನ ಕಳೆದಿದೆ. ಈ ಅವಧಿಯಲ್ಲಿ ಹೊರಬಂದವು ಒಂದಲ್ಲ ಎರಡಲ್ಲ, ಸಾವಿರಾರು. ಅವುಗಳನ್ನು ಆಡುವವರು ಬರಿಯ ಮಕ್ಕಳೂ ಅಲ್ಲ.

ಈ ವಿಷಯವನ್ನು ಇಲ್ಲಿ ಎತ್ತಿಕೊಳ್ಳಲು ಕಾರಣ ಒಂದು ಪತ್ರ. ಮೂಲತಃ ಹುಬ್ಬಳ್ಳಿ ಕಡೆಯವರಾದ, ಬಹುಕಾಲದಿಂದ ಅಮೆರಿಕೆಯಲ್ಲಿ ನೆಲೆಸಿರುವ ಓದುಗರೊಬ್ಬರು ತಮ್ಮ ಮನದ ಅಳಲನ್ನು ದೀರ್ಘವಾಗಿ ತೋಡಿಕೊಂಡಿದ್ದಾರೆ. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಐವರು ಗೆಳೆಯರು ಪ್ರತಿ ಶನಿವಾರ ರಾತ್ರಿ ಕಲೆತು ಇಂಥ ಆಟವೊಂದನ್ನು ಆಡುತ್ತಿದ್ದರಂತೆ. ಓದು ಮುಗಿಯಿತು, ಉದ್ಯೋಗ ದೊರೆಯಿತು, ಗೆಳೆಯರು ಐದು ಊರುಗಳಿಗೆ ಹಂಚಿಹೋದರು. ಮುಂದೆ ಎಂದಾದರೂ ಎಲ್ಲರೂ ಸೇರಿದಾಗ ಆಡೋಣವೆಂದು ಇವರು ವರ್ಷವರ್ಷವೂ ಒಂದೆರಡು ಹೊಸ ಆಟಗಳ ಪುಸ್ತಕಗಳನ್ನು ಕೊಳ್ಳುತ್ತ ಬಂದರು. ಈಗ ಕಪಾಟಿನಲ್ಲಿ ನಲವತ್ತಕ್ಕೂ ಹೆಚ್ಚು ಇವೆ. ಆಡಿದ್ದು ನಾಲ್ಕನ್ನು ಮಾತ್ರ. ಆ ಐವರಲ್ಲಿ ಒಬ್ಬರು ಕಳೆದ ವರ್ಷ ತೀರಿಕೊಂಡರು. “ನನಗೆ ಐವತ್ತು ಸಮೀಪಿಸಿತು. ಸಂಜೆ ಮನೆಗೆ ಬಂದು ಪುಸ್ತಕ ತೆರೆದರೆ ಹತ್ತನೆಯ ಪುಟಕ್ಕೆ ಕಣ್ಣು ಮುಚ್ಚುತ್ತವೆ. ಇವನ್ನೆಲ್ಲ ಕಲಿಯುವುದು ಇನ್ನು ಆಗದೆಂದು ತೋರುತ್ತದೆ. ಕೊಟ್ಟುಬಿಡೋಣವೆಂದರೆ ಕೈ ಬಾರದು” ಎಂದು ಬರೆದಿದ್ದಾರೆ. ಅವರ ಮಗಳು ಶಾಲೆಯ ಗೆಳತಿಯರೊಡನೆ ಇದೇ ಬಗೆಯ ಆಟ ಆಡುತ್ತಾಳೆ. “ಅಪ್ಪಾಜಿ, ನೀವೂ ಬನ್ನಿ” ಎಂದು ಕರೆಯುತ್ತಾಳೆ. ಆ ಆಟದ ಹೊಸ ಆವೃತ್ತಿಯ ನಿಯಮಗಳನ್ನು ಓದಿಕೊಳ್ಳದೆ ಹೋಗುವುದು ಹೇಗೆಂದು ಇವರು ಹಿಂಜರಿಯುತ್ತಾರೆ. ಪತ್ರದ ಕಡೆಯಲ್ಲಿ ಸೇರಿಸಿದ್ದ ಈ ಎರಡು ಸಾಲುಗಳೇ ನಮಗೆ ಮುಖ್ಯವೆನಿಸಿದವು.

ಈ ಆಟದ ಪರಿಚಯವಿಲ್ಲದವರಿಗಾಗಿ ನಾಲ್ಕು ಮಾತು. ನಮ್ಮ ಕರಾವಳಿ-ಮಲೆನಾಡುಗಳ ತಾಳಮದ್ದಳೆಯನ್ನು ನೆನೆದುಕೊಳ್ಳಿ. ವೇಷವಿಲ್ಲ, ಕುಣಿತವಿಲ್ಲ; ಅರ್ಥಧಾರಿಗಳು ಕುಳಿತಲ್ಲಿಯೇ ಒಬ್ಬರು ಕರ್ಣನಾಗಿ, ಇನ್ನೊಬ್ಬರು ಶಲ್ಯನಾಗಿ ಆ ಕ್ಷಣಕ್ಕೆ ಹೊಳೆದ ಮಾತನ್ನಾಡುತ್ತಾರೆ. ‘ರೋಲ್ ಪ್ಲೇಯಿಂಗ್’ ಎಂಬ ಈ ಪಾತ್ರದ ಆಟವೂ ಹೆಚ್ಚುಕಡಿಮೆ ಹಾಗೆಯೇ. ನಾಲ್ಕೈದು ಮಂದಿ ಮೇಜಿನ ಸುತ್ತ ಕೂಡುತ್ತಾರೆ. ಒಬ್ಬನು ಸೂತ್ರಧಾರ. “ಪಾಳುಬಿದ್ದ ಕೋಟೆಯ ಬಾಗಿಲಲ್ಲಿ ನಿಂತಿದ್ದೀರಿ, ಒಳಗಿನಿಂದ ಯಾರೋ ನರಳುವ ದನಿ ಕೇಳುತ್ತಿದೆ, ಏನು ಮಾಡುವಿರಿ?” ಎಂದು ಅವನು ಕೇಳುತ್ತಾನೆ. ಉಳಿದವರು ತಂತಮ್ಮ ಪಾತ್ರಗಳಾಗಿ ಉತ್ತರಿಸುತ್ತಾರೆ. ತಾಳಮದ್ದಳೆಯಲ್ಲಿ ಕಥೆಯ ಅಂತ್ಯ ಎಲ್ಲರಿಗೂ ಗೊತ್ತು. ಇಲ್ಲಿ ಯಾರಿಗೂ ಗೊತ್ತಿಲ್ಲ. ಬೀಗ ಒಡೆಯಿತೋ ಇಲ್ಲವೋ, ಬಾಣ ತಾಗಿತೋ ತಪ್ಪಿತೋ ಎಂಬುದನ್ನು ದಾಳ ನಿರ್ಧರಿಸುತ್ತದೆ. ಗೆಲ್ಲುವವರು ಸೋಲುವವರು ಎಂಬುದಿಲ್ಲ. ಒಂದು ಕೂಟಕ್ಕೆ ಮೂರು ನಾಲ್ಕು ಗಂಟೆ ಬೇಕು. ಒಂದು ಕಥೆ ಹೀಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುವುದುಂಟು.

ಇಂಥ ಆಟಗಳಲ್ಲಿ ಅಚ್ಚಾಗಿ ಮಾರಾಟಕ್ಕೆ ಬಂದ ಮೊದಲನೆಯದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’, ವರ್ಷ 1974. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಚಿಕ್ಕ ಊರಿನ ಗ್ಯಾರಿ ಗೈಗಾಕ್ಸ್ (1938–2008) ಹಾಗೂ ಮಿನೆಸೋಟ ರಾಜ್ಯದ ಡೇವ್ ಆರ್ನೆಸನ್ (1947–2009) ಇದರ ಕರ್ತೃಗಳು. ಗೈಗಾಕ್ಸ್ ಮೊದಲು ವಿಮಾ ಸಂಸ್ಥೆಯೊಂದರಲ್ಲಿ ನೌಕರಿಯಲ್ಲಿದ್ದು, ಅದು ತಪ್ಪಿದ ಮೇಲೆ ಪಾದರಕ್ಷೆ ರಿಪೇರಿ ಮಾಡಿಕೊಂಡಿದ್ದ ಸಂಸಾರಸ್ಥರು. ಆಟ ಇನ್ನೂ ಕರಡಾಗಿದ್ದಾಗ ಮೊಟ್ಟಮೊದಲು ಆಡಿ ನೋಡಿದವರು ಅವರ ಮಗ ಮತ್ತು ಮಗಳು ಎಂಬುದು ನಮ್ಮ ಪ್ರಸ್ತುತ ವಿಷಯಕ್ಕೆ ಒಪ್ಪುವ ಸಂಗತಿ. ಮೊದಲ ಮುದ್ರಣ ಕೇವಲ 1000 ಪ್ರತಿಗಳು, ಬೆಲೆ 10 ಡಾಲರು. ಪೆಟ್ಟಿಗೆಯೊಳಗೆ ಮೂರು ಕಿರುಹೊತ್ತಗೆಗಳಿದ್ದವು. ಮೂರೂ ಸೇರಿ 112 ಪುಟಗಳಷ್ಟೆ.

ಅಲ್ಲಿಂದ ಮುಂದೆ ಗ್ರಂಥಭಾರ ಬೆಳೆಯಿತು. ಅದೇ ಆಟದ ಐದನೆಯ ಆವೃತ್ತಿ 2014ರಲ್ಲಿ ಬಂದಾಗ ಅದರ ಮೂರು ಮೂಲಗ್ರಂಥಗಳ ಪುಟಗಳು 320, 352 ಮತ್ತು 320, ಕೂಡಿಸಿದರೆ 992. ದಿನಕ್ಕೆ ಮೂವತ್ತು ಪುಟ ಓದಿದರೂ ಒಂದು ತಿಂಗಳಿಗೆ ಮಿಕ್ಕುತ್ತದೆ. ಆಟಗಾರರಾದವರು ಇದಿಷ್ಟನ್ನೂ ಓದಬೇಕಾಗಿಲ್ಲ, ಸೂತ್ರಧಾರನೂ ಎಲ್ಲವನ್ನು ಕಂಠಪಾಠ ಮಾಡಬೇಕಾಗಿಲ್ಲ, ನಿಜ. ಆದರೂ ಹೊಸಬನ ಎದೆ ಅಳುಕಿಸಲು ಇಷ್ಟು ಸಾಲದೆ? ಅದರ ಸೋದರ ಸಂಬಂಧಿಯೆನ್ನಬಹುದಾದ ‘ಪಾತ್‌ಫೈಂಡರ್’ (2009) ಒಂದೇ ಸಂಪುಟದಲ್ಲಿ 576 ಪುಟ. 2024ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮತ್ತೆ ಪರಿಷ್ಕೃತಗೊಂಡಿತು. ಹತ್ತು ವರ್ಷ ರೂಢಿಮಾಡಿಕೊಂಡವರು ಕೂಡ ಎಷ್ಟೋ ವಿವರಗಳನ್ನು ಪುನಃ ಕಲಿಯಬೇಕಾಯಿತು.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ಒಂದು ಆಟದಲ್ಲಿ ಪಡೆದ ಪಳಗಿಕೆ ಮತ್ತೊಂದಕ್ಕೆ ಪೂರ್ತಿ ಒದಗದು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಈಗಿನ ರೂಪದಲ್ಲಿ ಇಪ್ಪತ್ತು ಮುಖದ ದಾಳ ಎಸೆದು ಹೆಚ್ಚಿನ ಅಂಕೆಗಾಗಿ ಹಾರೈಸಬೇಕು. ‘ಕಾಲ್ ಆಫ್ ಕ್ತುಲು’ (1981) ಎಂಬ ಭಯಾನಕ ಕಥೆಗಳ ಆಟದಲ್ಲಿ ಹತ್ತು ಮುಖದ ಎರಡು ದಾಳಗಳಿಂದ ನೂರರೊಳಗಿನ ಸಂಖ್ಯೆ ಪಡೆಯಬೇಕು. ಅಲ್ಲಿ ಕಡಿಮೆ ಬಂದರೆ ಒಳಿತು. ‘ಗರ್ಪ್ಸ್’ (1986) ಎಂಬುದರಲ್ಲಿ ನಮ್ಮ ಪರಿಚಿತ ಆರು ಮುಖದ ದಾಳಗಳೇ, ಮೂರು. ಅಲ್ಲಿಯೂ ಕಡಿಮೆಯೇ ಲೇಸು. ‘ವ್ಯಾಂಪೈರ್’ (1991) ಎಂಬುದರಲ್ಲಿ ಹತ್ತು ಮುಖದ ದಾಳಗಳನ್ನು ಹಿಡಿಗಟ್ಟಲೆ ಎಸೆದು ಎಷ್ಟು ಗೆದ್ದವೆಂದು ಎಣಿಸಬೇಕು. ಇದು ದಾಳದ ಮಾತಾಯಿತು. ಆಯುಧ, ಮಂತ್ರ, ಗಾಯ, ಭೀತಿ, ಸಾಲ, ಮರ್ಯಾದೆ, ಇವುಗಳ ಲೆಕ್ಕವೂ ಒಂದೊಂದರಲ್ಲಿ ಒಂದೊಂದು ಬಗೆ. ಇಪ್ಪತ್ತರ ವಯಸ್ಸಿನಲ್ಲಿ ಇಂಥ ವೈವಿಧ್ಯವೇ ರುಚಿಸುತ್ತದೆ. ಕಚೇರಿ, ಸಾಲದ ಕಂತು, ಮಕ್ಕಳ ಪರೀಕ್ಷೆ, ಊರಿನಲ್ಲಿರುವ ವೃದ್ಧ ತಂದೆತಾಯಿಗಳ ಔಷಧೋಪಚಾರ, ಇವನ್ನೆಲ್ಲ ತಲೆಯಲ್ಲಿ ಹೊತ್ತವನಿಗೆ ಅದೇ ವೈವಿಧ್ಯ ಮತ್ತೊಂದು ಹೊರೆಯಾಗಿ ಕಾಣುವುದರಲ್ಲಿ ಸೋಜಿಗವೇನಿಲ್ಲ.

ಪತ್ರ ಬರೆದವರು ಈ ಹೊರೆಯನ್ನು ತಮ್ಮ ಸೋಮಾರಿತನವೆಂದು ಭಾವಿಸಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಈ ಆಟವನ್ನು ಬರಿಯ ಪುಸ್ತಕದಿಂದ ಕಲಿಯುವುದು ಮೊದಲಿನಿಂದಲೂ ಕಷ್ಟವಾಗಿಯೇ ಇತ್ತು. 1974ರ ಆ ಮೂರು ಹೊತ್ತಗೆಗಳು ಆಗಲೇ ಬಲ್ಲವರಿಗಾಗಿ ಬರೆದ ಟಿಪ್ಪಣಿಗಳಂತಿದ್ದವು. ಆರ್ನೆಸನ್ ಬಳಿ, ಗೈಗಾಕ್ಸ್ ಬಳಿ ಕುಳಿತು ಆಡಿದವರಿಗೆ ಅವು ಅರ್ಥವಾಗುತ್ತಿದ್ದವು; ದೂರದಲ್ಲಿದ್ದು ಕೇವಲ ಓದಿದವರು ತಬ್ಬಿಬ್ಬಾಗುತ್ತಿದ್ದರು. ಅರಿಜೋನದ ಫೀನಿಕ್ಸ್ ನಗರದ ಕೆನ್ ಸೇಂಟ್ ಆಂಡ್ರೆ ಎಂಬುವರು ಆ ನಿಯಮಗಳನ್ನು ಓದಿ ನೋಡಿ, ಇದು ತಮಗೆ ಒಗ್ಗದೆಂದು ಬದಿಗಿಟ್ಟು, ಸಾಮಾನ್ಯ ಆರು ಮುಖದ ದಾಳಗಳಿಂದಲೇ ಆಡಬಹುದಾದ ‘ಟನೆಲ್ಸ್ ಅಂಡ್ ಟ್ರೋಲ್ಸ್’ ಎಂಬ ಬೇರೆ ಆಟವನ್ನೇ 1975ರಲ್ಲಿ ರಚಿಸಿಬಿಟ್ಟರು! 1977ರಲ್ಲಿ ಎರಿಕ್ ಹೋಮ್ಸ್ ಎಂಬ ನರರೋಗಶಾಸ್ತ್ರದ ಪ್ರಾಧ್ಯಾಪಕರು ಹೊಸಬರಿಗೆಂದು ಆರಂಭದ ನಿಯಮಗಳನ್ನು 48 ಪುಟಗಳಲ್ಲಿ ತಿಳಿಯಾಗಿ ಬರೆದುಕೊಟ್ಟರು. 1983ರಲ್ಲಿ ಫ್ರ್ಯಾಂಕ್ ಮೆಂಟ್ಜರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರ ಕೆಂಪು ಪೆಟ್ಟಿಗೆಯ ಪುಸ್ತಕ ನಿಯಮಗಳಿಂದ ಆರಂಭವಾಗದೆ ಕಥೆಯಿಂದ ಆರಂಭವಾಗುತ್ತದೆ. ಓದುಗನು ಒಬ್ಬನೇ ಕುಳಿತು ಕಥೆಯೊಳಗೆ ನಡೆಯುತ್ತ ನಡೆಯುತ್ತ, ತನಗರಿವಿಲ್ಲದೆಯೇ ದಾಳ ಎಸೆಯುವುದನ್ನು ಕಲಿತಿರುತ್ತಾನೆ. ಪಕ್ಕದಲ್ಲಿ ಕುಳಿತು ಹೇಳಿಕೊಡುವವರಿಲ್ಲದ ಕೊರತೆಯನ್ನು ಪುಸ್ತಕವೇ ತುಂಬಬೇಕೆಂದು ಪಟ್ಟ ಶ್ರಮವದು.

ಪ್ರಾಸಂಗಿಕವಾಗಿ ನಮ್ಮ ಮೈಸೂರಿನ ಸಂಗತಿಯೊಂದನ್ನು ಹೇಳಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ (1794–1868) ಆಟಗಳನ್ನು ರಚಿಸುವುದರಲ್ಲಿ ಅಪಾರ ಆಸಕ್ತಿ. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗದಲ್ಲಿ ಗಂಜೀಫಾ ಎಲೆಯಾಟಗಳ ಹಲವು ಪ್ರಭೇದಗಳಿವೆ, ಅತಿ ದೊಡ್ಡದಕ್ಕೆ 360 ಎಲೆಗಳು ಬೇಕು. ಎಲೆಗಳ ಸೊಬಗನ್ನು ಇಂದಿಗೂ ಜನ ಮೆಚ್ಚುತ್ತಾರೆ. ಆದರೆ ಮನೆಮನೆಗಳಲ್ಲಿ ಉಳಿದುಬಂದುದು ಆ ರಾಜಭೋಗ್ಯ ಆಟವಲ್ಲ, ಹೇಳಿಕೊಡುವ ಅಜ್ಜಿಯರಿದ್ದ ಚೌಕಾಬಾರ.

ಮಧ್ಯವಯಸ್ಕರಿಗೆ ಸಾಲದಿರುವುದು ಯಾವ ಕಾಲ ಎಂಬುದನ್ನೂ ವಿಂಗಡಿಸಿ ನೋಡಬೇಕು. ತಿಂಗಳಿಗೊಂದು ಸಂಜೆ ಮೂರು ಗಂಟೆ ಆಡಲು ಬಿಡುವು ಮಾಡಿಕೊಳ್ಳುವುದು ಅನೇಕರಿಗೆ ಅಸಾಧ್ಯವೇನಲ್ಲ. ಆದರೆ ಐವರಿಗೂ ಒಂದೇ ಸಂಜೆ ಬಿಡುವಾಗುವುದು ಗ್ರಹಗತಿ ಕೂಡಿಬಂದಂತೆ. ಗಣಕಯಂತ್ರದ ಮುಖಾಂತರ ಐದು ಊರುಗಳಿಂದ ಒಂದೇ ಆಟದಲ್ಲಿ ಪಾಲ್ಗೊಳ್ಳುವ ಅನುಕೂಲ ಈಗ ಬಂದಿದೆ; ದೂರವೇನೋ ಕಡಿಮೆಯಾಯಿತು, ಗಡಿಯಾರದ ಮುಳ್ಳುಗಳು ಮಾತ್ರ ಹಾಗೆಯೇ ಇವೆ. ಇನ್ನು ಅಧ್ಯಯನದ ಕಾಲ. ಅದನ್ನು ಬೇರೆ ಯಾರೂ ಕಾಣುವುದಿಲ್ಲವಾದ್ದರಿಂದ ಮನೆಯಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ. ಕೈಯಲ್ಲಿ ಕಾಲವಿಲ್ಲದಾಗ ಹಣ ಕೊಟ್ಟು ಪುಸ್ತಕ ಕೊಳ್ಳುವುದು ಸುಲಭ. ಕಡತರೂಪದಲ್ಲಿ ಹತ್ತು ಹದಿನೈದು ಆಟಗಳನ್ನು ಒಟ್ಟಿಗೆ ಅಗ್ಗವಾಗಿ ಮಾರುವ ಪದ್ಧತಿ ಬಂದ ಮೇಲಂತೂ ಈ ಚಟಕ್ಕೆ ಕಡಿವಾಣವೇ ಇಲ್ಲ. 2015ರಲ್ಲಿ ಆರಂಭವಾದ ‘ಕ್ರಿಟಿಕಲ್ ರೋಲ್’ನಂಥ ಕಾರ್ಯಕ್ರಮಗಳಲ್ಲಿ ನಟನಟಿಯರು ಆಡುವುದನ್ನು ಗಂಟೆಗಟ್ಟಲೆ ನೋಡುವವರೂ ಲಕ್ಷಾಂತರ ಇದ್ದಾರೆ. ನೋಡುವುದು ತಪ್ಪೆಂದು ನಾವೆನ್ನೆವು. ಕ್ರಿಕೆಟ್ ನೋಡಿ ದಿನ ಕಳೆಯುವ ನಮಗೆ ಆ ಮಾತಾಡುವ ಅಧಿಕಾರವೂ ಇಲ್ಲ. ಆದರೆ ಮಗಳು ಮೇಜಿನ ಬಳಿಗೆ ಕರೆಯುತ್ತಿರುವಾಗ ತೆರೆಯ ಮೇಲೆ ಪರರ ಆಟ ನೋಡುತ್ತ ಕೂಡುವುದು ಅಷ್ಟೊಂದು ಉಚಿತವೆನಿಸದು.

ಇದರೊಂದಿಗೆ ತಾಯಂದಿರ ಶಂಕೆಯೊಂದಕ್ಕೆ ಉತ್ತರ. 1980ರ ದಶಕದಲ್ಲಿ ಅಮೆರಿಕೆಯ ಕೆಲವು ಪಾಲಕರ ಹಾಗೂ ಧಾರ್ಮಿಕ ಸಂಘಟನೆಗಳು ಈ ಆಟಗಳಲ್ಲಿ ಭೂತಪಿಶಾಚಿಗಳ ಪ್ರಸ್ತಾಪವಿರುವುದರಿಂದ ಮಕ್ಕಳ ಮನಸ್ಸು ಕೆಡುವುದೆಂದು ದೊಡ್ಡ ಕೋಲಾಹಲವನ್ನೇ ಎಬ್ಬಿಸಿದ್ದವು. ಆ ಆರೋಪ ಸಿದ್ಧವಾಗಲಿಲ್ಲ. ಬಯಲಾಟದ ರಾಕ್ಷಸವೇಷ ಕಂಡು ಬೆಳೆದ ನಾವು ಅದರ ಬಗ್ಗೆ ಚಿಂತಿಸಬೇಕಾದುದಿಲ್ಲ.

ಈಗ ಪತ್ರದ ಪ್ರಶ್ನೆಗೆ ಬರೋಣ. ಕಲಿಯದೆ ಉಳಿದ ಪುಸ್ತಕಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದು. ಕೆಲವು ಓದಲೆಂದೇ ಚೆನ್ನ. ಆಡದಿದ್ದರೂ ಅವು ವ್ಯರ್ಥವಲ್ಲ. ‘ರೂನ್‌ಕ್ವೆಸ್ಟ್’ (1978) ಆಟಕ್ಕೆ ನೆಲೆಯಾದ ಗ್ಲೊರಾಂತ ಎಂಬ ಕಲ್ಪಿತ ಜಗತ್ತಿನ ದೇವತೆಗಳ, ಕುಲಗಳ, ಹಬ್ಬಗಳ ವಿವರಗಳನ್ನು ಪುರಾಣ ಓದಿದಂತೆ ಓದುವವರಿದ್ದಾರೆ. ‘ಟ್ರಾವೆಲರ್’ (1977) ಎಂಬ ಬಾಹ್ಯಾಕಾಶದ ಆಟದಲ್ಲಿ ಪಾತ್ರವೊಂದರ ಪೂರ್ವವೃತ್ತಾಂತವನ್ನು ದಾಳದಿಂದ ರೂಪಿಸುವಾಗಲೇ ಆ ಪಾತ್ರ ಸತ್ತುಹೋಗುವ ಸಂಭವವಿತ್ತು. ಆಟ ಆರಂಭವಾಗುವ ಮೊದಲೇ! ಒಬ್ಬರೇ ಕುಳಿತು ಹೀಗೆ ಪಾತ್ರಗಳನ್ನೂ ನಕ್ಷತ್ರಲೋಕಗಳನ್ನೂ ರಚಿಸುತ್ತ ಸಂಜೆ ಕಳೆಯಬಹುದು. ಇಂಥವು ಕಪಾಟಿನಲ್ಲಿರಲಿ. ಮರಣಿಸಿದ ಗೆಳೆಯರೊಡನೆ ಆಡಿದ ಪುಸ್ತಕ ಯಾವುದಿದೆಯೋ ಅದೂ ಇರಲಿ. ಅದರ ಅಂಚಿನಲ್ಲಿ ಅವರ ಕೈಬರಹವಿದ್ದರೆ ಮತ್ತೇಕೆ ವಿಚಾರ? ಆದರೆ “ಎಂದಾದರೂ ಐವರೂ ಸೇರಿ” ಎಂಬ ಆಸೆಯಿಂದ ಮಾತ್ರ ಕೊಂಡಿಟ್ಟವುಗಳ ಐವರು ಇಂದು ನಾಲ್ವರಾಗಿದ್ದಾರೆ. ಅವನ್ನು ಕಲಿಯಬೇಕೆಂಬ ಸಂಕಲ್ಪವನ್ನು ಕೈಬಿಡುವುದರಿಂದ ಗೆಳೆತನಕ್ಕೆ ದ್ರೋಹವಾಗದು. ಉಳಿದ ಮೂವರಿಗೆ ತಲಾ ಕೆಲವನ್ನು ಅಂಚೆಯಲ್ಲಿ ಕಳುಹಿಸಿ, ಅಥವಾ ಮಗಳ ಗೆಳತಿಯರೇ ಆರಿಸಿಕೊಳ್ಳಲಿ. ಕಲಿಯಲು ಕಾಲವಿರುವುದು ಆ ವಯಸ್ಸಿನವರಿಗೆ.

ಮಗಳ ಕರೆಗೆ ಹಿಂಜರಿಕೆ ಯಾತಕ್ಕೆ? ನಿಯಮ ತಿಳಿಯದೆ ಹೋದರೆ ಮಕ್ಕಳೆದುರು ಸಣ್ಣವನಾದೇನೆಂಬ ಅಳುಕು ತಂದೆಯಾದವನಿಗೆ ಸಹಜ. ಆದರೆ ಈ ಆಟದ ಏರ್ಪಾಡಿನಲ್ಲಿಯೇ ಅದಕ್ಕೆ ಪರಿಹಾರವಿದೆ. ಮೇಜಿನ ಸುತ್ತ ಕೂತವರಲ್ಲಿ ಒಬ್ಬರು ನಿಯಮ ಬಲ್ಲವರಿದ್ದರೆ ಸಾಕು. ಉಳಿದವರು “ನಾನು ಇದನ್ನು ಮಾಡುತ್ತೇನೆ” ಎಂದು ಹೇಳಿದರೆ, ಯಾವ ದಾಳ ಎಸೆಯಬೇಕೆಂದು ಬಲ್ಲವರು ಸೂಚಿಸುತ್ತಾರೆ. ಕಾಲೇಜಿನ ದಿನಗಳಲ್ಲಿ ಆ ಐವರಲ್ಲಿಯೂ ಯಾರೋ ಒಬ್ಬರು ಪುಸ್ತಕ ಓದಿಕೊಂಡು ಬಂದು ಮಿಕ್ಕವರಿಗೆ ಆಡಿಸಿರಬೇಕು. ಆ ಭಾರವನ್ನು ಈಗ ಮಗಳು ಹೊರಲಿ. ತಂದೆಗೆ ಏನನ್ನಾದರೂ ಹೇಳಿಕೊಡುವ ಅವಕಾಶ ಹದಿನಾಲ್ಕು ಹದಿನೈದರ ಮಕ್ಕಳಿಗೆ ನಮ್ಮ ಮನೆಗಳಲ್ಲಿ ಎಷ್ಟು ಸಲ ದೊರೆತೀತು? ಅವಳು ಹೇಳಿಕೊಡುವಾಗ “ನಮ್ಮ ಕಾಲದಲ್ಲಿ ಹೀಗಿರಲಿಲ್ಲ” ಎಂದು ನಡುವೆ ಬಾಯಿ ಹಾಕದಿರುವುದೊಂದೇ ತಂದೆ ಪಾಲಿಸಬೇಕಾದ ನಿಯಮ. ಅದು 992 ಪುಟಗಳಿಗಿಂತ ಕಠಿಣವಾಗಬಹುದು.

ಮನೆಯವರೇ ಕೂಡಿ ಆಡಬೇಕೆಂದಿದ್ದರೆ, ಕಾಲವಿಲ್ಲದವರನ್ನು ಮನಸ್ಸಿನಲ್ಲಿಟ್ಟುಕೊಂಡೇ ರಚಿಸಿದಂಥ ಆಟಗಳೂ ಇವೆ. ಜಾನ್ ಹಾರ್ಪರ್ ಅವರ ‘ಲೇಸರ್ಸ್ ಅಂಡ್ ಫೀಲಿಂಗ್ಸ್’ (2013) ಆಟದ ನಿಯಮಗಳೆಲ್ಲ ಒಂದೇ ಪುಟ. ಪಾತ್ರಕ್ಕೆ ಇರುವುದು ಎರಡರಿಂದ ಐದರೊಳಗಿನ ಒಂದೇ ಅಂಕೆ. ಬುದ್ಧಿಯ ಕೆಲಸಕ್ಕೆ ದಾಳ ಅದಕ್ಕಿಂತ ಕೆಳಗೆ ಬೀಳಬೇಕು, ಭಾವದ ಕೆಲಸಕ್ಕೆ ಮೇಲೆ. ಗ್ರಾಂಟ್ ಹಾವಿಟ್ ಅವರ ‘ಹನಿ ಹೈಸ್ಟ್’ (2017) ಕೂಡ ಒಂದು ಪುಟದ್ದೇ. ಅದರಲ್ಲಿ ಆಡುವವರೆಲ್ಲ ಜೇನು ಕದಿಯಲು ಹೊರಟ ಕರಡಿಗಳು. ಸಣ್ಣ ಮಕ್ಕಳಿರುವ ಮನೆಗೆ ಇದು ಹೇಳಿ ಮಾಡಿಸಿದಂತಿದೆ.

ನಮ್ಮ ಒಲವು ಮಾತ್ರ ಏವರಿ ಆಲ್ಡರ್ ರಚಿಸಿದ ‘ದಿ ಕ್ವಯೆಟ್ ಇಯರ್’ (2013) ಕಡೆಗೆ. ಇದಕ್ಕೆ ಸೂತ್ರಧಾರನೇ ಬೇಡ. ಎರಡರಿಂದ ನಾಲ್ಕು ಮಂದಿ, ಒಂದು ಕಟ್ಟು ಇಸ್ಪೀಟು, ಒಂದು ದೊಡ್ಡ ಹಾಳೆ, ಕೆಲವು ಆರು ಮುಖದ ಸಣ್ಣ ದಾಳಗಳು. ಒಂದು ಕಷ್ಟಕಾಲ ದಾಟಿ ಬಂದ ಊರಿನ ಒಂದು ವರ್ಷದ ಬಾಳು ಇದರ ಕಥೆ. 52 ಎಲೆಗಳು 52 ವಾರ; ನಾಲ್ಕು ರಂಗು ನಾಲ್ಕು ಋತು. ಒಬ್ಬೊಬ್ಬರು ಸರದಿಯಂತೆ ಎಲೆ ಎತ್ತಿ, ಊರಿನಲ್ಲಿ ಏನಾಯಿತೆಂದು ಹೇಳಿ, ಬಾವಿಯೋ ಗೋಡೆಯೋ ಕಾಡೋ ನಕ್ಷೆಯ ಮೇಲೆ ಬರೆಯುತ್ತಾರೆ. ಮೂರು ನಾಲ್ಕು ಗಂಟೆಗಳಲ್ಲಿ ಚಳಿಗಾಲ ಬಂದು ಆಟ ಮುಗಿಯುತ್ತದೆ. ಇದರಲ್ಲೊಂದು ಜಾಣ ಏರ್ಪಾಡಿದೆ. ಊರಿನ ತೀರ್ಮಾನದಲ್ಲಿ ತನ್ನನ್ನು ಕೇಳಲಿಲ್ಲವೆಂದು ಯಾರಿಗಾದರೂ ಅಸಮಾಧಾನವಾದರೆ, ಜಗಳವಾಡದೆ, ಮಧ್ಯದಲ್ಲಿರಿಸಿದ ರಾಶಿಯಿಂದ ಒಂದು ಬಿಲ್ಲೆ ತೆಗೆದು ತಮ್ಮ ಮುಂದೆ ಇಟ್ಟುಕೊಳ್ಳಬಹುದು. ಯಾರ ಮುಂದೆ ಎಷ್ಟು ಬಿಲ್ಲೆ ಕೂಡಿತೆಂಬುದು ಎಲ್ಲರ ಕಣ್ಣಿಗೂ ಕಾಣುತ್ತಿರುತ್ತದೆ. ಬಿಲ್ಲೆಗಳಿಲ್ಲದಿದ್ದರೆ ಹುಣಸೆಬೀಜವೇ ಆದೀತು. ಅವಿಭಕ್ತ ಕುಟುಂಬದವರು ಸ್ವಲ್ಪ ಹೆಚ್ಚಾಗಿಯೇ ಎತ್ತಿಟ್ಟುಕೊಳ್ಳುವುದು ಒಳ್ಳೆಯದು. ನಕ್ಷೆಯನ್ನು ಪೆನ್ಸಿಲಿನಲ್ಲಿಯೇ ಬರೆಯಿರಿ. ಕಟ್ಟಿದ ಸೇತುವೆ ಕೊಚ್ಚಿಹೋಗುವ ವಾರಗಳೂ ಬರುತ್ತವೆ.